ಹತ್ತಿ ಮಿಲ್ಲಿನಲ್ಲಿ ಬೀಸುತ್ತಿದ್ದುದೇನು?

ಪ್ರಶ್ನೆ: ನಮ್ಮ ತಂದೆ ದಾವಣಗೆರೆಯ ಹತ್ತಿ ಮಿಲ್ಲೊಂದರಲ್ಲಿ ನೂಲು ತೆಗೆಯುವ ರಿಂಗ್ ಫ್ರೇಮ್ ಖಾತೆಯಲ್ಲಿ ದುಡಿದವರು. ಏಳನೇ ಕ್ಲಾಸಿನ ಮಗಳು ಮೊನ್ನೆ ಇಂಗ್ಲಿಷ್ ನಿಘಂಟು ತೆಗೆದು, "ಮಿಲ್ ಅಂದ್ರೆ ಕಾಳು ಬೀಸೋ ಜಾಗ ಅಂತ ಐತೆ. ಅಜ್ಜನ ಮಿಲ್ಲಿನಾಗೆ ಏನ್ ಬೀಸ್ತಿದ್ರು?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅಕ್ಕಿ ಮಿಲ್ಲು, ಎಣ್ಣೆ ಮಿಲ್ಲು, ಮರ ಕೊಯ್ಯುವ ಸಾ ಮಿಲ್ಲು ಎಲ್ಲಕ್ಕೂ ಅದೇ ಹೆಸರು. ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಗೆ ಮಾತ್ರ ಯಾರೂ ಮಿಲ್ಲು ಅನ್ನಲಿಲ್ಲ. ಇದಕ್ಕೇನಾದರೂ ಲೆಕ್ಕವಿದೆಯೇ? ‘ರನ್ ಆಫ್ ದಿ ಮಿಲ್’ ಎಂಬ ಮಾತು ಎಲ್ಲಿಂದ ಬಂತು? ಮಿಲಿಯನ್, ಮಿಲೆಟ್, ಮೈಲಿ ಇವೂ ಇದೇ ಕುಟುಂಬದವೇ?
– ನಿಟ್ಟುವಳ್ಳಿಯ ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಮಗಳ ನಿಘಂಟೂ ಸರಿ, ನಿಮ್ಮ ತಂದೆ ದುಡಿದ ಜಾಗದ ಹೆಸರೂ ಸರಿ. ನಡುವೆ ಸುಮಾರು ಸಾವಿರ ವರ್ಷಗಳ ಕತೆಯಿದೆ. ಅದರಲ್ಲಿ ‘ಮಿಲ್’ ಎಂಬ ಹೆಸರು ಬೀಸುವ ಕಲ್ಲನ್ನು ಬಿಟ್ಟು, ಆ ಕಲ್ಲನ್ನು ತಿರುಗಿಸುತ್ತಿದ್ದ ಚಕ್ರದ ಬೆನ್ನು ಹತ್ತಿತು. ಅಜ್ಜನ ಮಿಲ್ಲಿನಲ್ಲಿ ಏನನ್ನೂ ಬೀಸುತ್ತಿರಲಿಲ್ಲ. ಅಲ್ಲಿ ಚಕ್ರ ತಿರುಗುತ್ತಿತ್ತು, ಹೆಸರಿಗೆ ಅಷ್ಟೇ ಸಾಕಾಗಿತ್ತು.

ಮೊದಲು ಕಲ್ಲಿನ ಕಾಲ ನೋಡೋಣ. ಲ್ಯಾಟಿನ್ನಿನಲ್ಲಿ ‘ಮೊಲೆರೆ’ ಎಂದರೆ ಬೀಸುವುದು, ‘ಮೊಲಾ’ ಎಂದರೆ ಬೀಸುವ ಕಲ್ಲು. ಆ ಕಲ್ಲನ್ನು ಹೂಡಿದ ಜಾಗಕ್ಕೆ ಹಿಂದಿನ ಕಾಲದ ಲ್ಯಾಟಿನ್ನಿನ ಕೊನೆಯ ಹಂತದಲ್ಲಿ ‘ಮೊಲಿನಾ’ ಎಂಬ ಹೆಸರು ಬಂತು. ರೋಮನ್ನರು ನೀರಿನ ಬಲದಿಂದ ಕಲ್ಲು ತಿರುಗಿಸುವ ವಿದ್ಯೆಯನ್ನು ಯುರೋಪಿನ ಉದ್ದಗಲಕ್ಕೂ ಒಯ್ದರು, ಯಂತ್ರದ ಜೊತೆ ಹೆಸರೂ ಹೋಯಿತು. ಫ್ರೆಂಚರ ‘ಮುಲಾಂ’, ಸ್ಪೇನಿನ ‘ಮೊಲಿನೊ’, ಜರ್ಮನ್ನರ ‘ಮ್ಯೂಲೆ’ ಎಲ್ಲ ಅದೇ ಪದ. ಹಳೆಯ ಇಂಗ್ಲಿಷಿನಲ್ಲಿ ಅದು ‘ಮ್ಯುಲೆನ್’ ಎಂದಿತ್ತು. ಕಾಲಕ್ರಮದಲ್ಲಿ ಕೊನೆಯ ‘ನ್’ ಉದುರಿ ‘ಮಿಲ್’ ಉಳಿಯಿತು. ಉದುರಿದ ಆ ‘ನ್’ ಪೂರ್ತಿ ಕಾಣೆಯಾಗಿಲ್ಲ, ‘ಮಿಲ್ನ್’ ಮತ್ತು ‘ಮಿಲ್ನರ್’ ಎಂಬ ಮನೆತನದ ಹೆಸರುಗಳಲ್ಲಿ ಇನ್ನೂ ಕೂತಿದೆ. ಋಗ್ವೇದವನ್ನು ಅಚ್ಚು ಹಾಕಿಸಿದ ಮ್ಯಾಕ್ಸ್ ಮುಲ್ಲರ್ ಹೆಸರು ನಮ್ಮಲ್ಲಿ ಓದಿದವರಿಗೆಲ್ಲ ಗೊತ್ತು. ಆ ‘ಮುಲ್ಲರ್’ ಎಂದರೆ ಗಿರಣಿಯವನು ಎಂದೇ ಅರ್ಥ. ಇಂಗ್ಲಿಷಿನ ‘ಮಿಲ್ಲರ್’ ಕೂಡ ಅದೇ. ನಮ್ಮಲ್ಲಿ ಗಾಣದಿಂದ ಗಾಣಿಗ ಎಂಬ ಹೆಸರು ಬಂದ ರೀತಿಯಲ್ಲೇ ಅವರಲ್ಲಿ ಕಲ್ಲಿನಿಂದ ಮನೆತನದ ಹೆಸರು ಬಂತು.

ಲ್ಯಾಟಿನ್ನಿನ ಈ ‘ಮೊಲಾ’ ಇಂಗ್ಲಿಷಿಗೆ ಬೇರೆ ಬಾಗಿಲುಗಳಿಂದಲೂ ಬಂದಿದೆ. ಹಲ್ಲಿನ ಡಾಕ್ಟರು ‘ಮೋಲಾರ್’ ಎಂದರೆ ದವಡೆಯ ಹಲ್ಲು, ಮೂಲಾರ್ಥದಲ್ಲಿ ಬೀಸುಕಲ್ಲಿನಂಥದ್ದು. ಪಿಂಚಣಿ ಕಾಗದಗಳಲ್ಲಿ ಕಾಣುವ ‘ಎಮಾಲ್ಯುಮೆಂಟ್’, ಎಂದರೆ ದುಡಿಮೆಯ ಗಳಿಕೆ, ಗಿರಣಿಯವನಿಗೆ ಬೀಸಿದ ಕೂಲಿಯಾಗಿ ಸಲ್ಲುತ್ತಿದ್ದ ಪಾಲಿನಿಂದ ಹುಟ್ಟಿದ್ದು ಎಂದು ನಿಘಂಟುಕಾರರು ಎಣಿಸುತ್ತಾರೆ. ಆತ್ಮಾಹುತಿಯ ಸುದ್ದಿಗಳಲ್ಲಿ ಬರುವ ‘ಇಮ್ಮೊಲೇಟ್’ ಎಂಬ ಪದಕ್ಕೂ ಬೆಂಕಿಗೂ ಮೊದಲಿಗೆ ನಂಟೇ ಇರಲಿಲ್ಲ. ರೋಮನ್ನರು ಬಲಿಪಶುವಿನ ತಲೆಯ ಮೇಲೆ ಉಪ್ಪು ಬೆರೆಸಿದ ಹಿಟ್ಟು ಉದುರಿಸುತ್ತಿದ್ದರು. ಆ ಹಿಟ್ಟಿಗೆ ‘ಮೊಲಾ’ ಎಂದು ಹೆಸರು, ಉದುರಿಸುವ ಕೆಲಸವೇ ‘ಇಮ್ಮೊಲಾರೆ’. ಆ ಪದದ ಅರ್ಥ ಮೊದಲು ಬಲಿ ಕೊಡುವುದು ಎಂದಾಗಿ, ಆಮೇಲೆ ಬೆಂಕಿಗೆ ಬಲಿ ಕೊಡುವುದು ಎಂದಾಯಿತು.

1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ತನ್ನ ರಾಜ್ಯದ ಭೂಮಿ, ದನಕರು, ಆದಾಯಗಳ ಲೆಕ್ಕ ಬರೆಸಿದ. ಡೂಮ್ಸ್‌ಡೇ ಬುಕ್ ಎಂಬ ಆ ದಫ್ತರದಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗಿರಣಿಗಳ ನಮೂದಿದೆ. ಹೆಚ್ಚುಕಡಿಮೆ ಎಲ್ಲವೂ ನೀರಿನ ಚಕ್ರದವು, ಕಾಳು ಬೀಸುವಂಥವು. ಊರೊಡೆಯನ ಗಿರಣಿಯಲ್ಲೇ ಕಾಳು ಬೀಸಿಸಬೇಕು, ಕೂಲಿಯಾಗಿ ಒಂದು ಪಾಲು ಅಲ್ಲೇ ಬಿಟ್ಟು ಬರಬೇಕು ಎಂಬ ಕಟ್ಟಳೆಯೂ ಅಲ್ಲಿತ್ತು. ಸರ್ಕಾರಿ ಲೆಕ್ಕದ ಪುಸ್ತಕದಲ್ಲಿ ಗಿರಣಿಗೆ ಜಾಗ ಸಿಕ್ಕಿದ್ದು ಆ ಆದಾಯದ ಕಾರಣಕ್ಕೆ.

ಹೆಸರು ಕಲ್ಲಿನಿಂದ ಕಳಚಿಕೊಂಡ ಕತೆ ಶುರುವಾಗುವುದು ಇದಾದ ಸುಮಾರು ನೂರು ವರ್ಷಕ್ಕೆ, ಅದೂ ಬಟ್ಟೆಯ ಕಸುಬಿನಲ್ಲಿ. ನೇಯ್ದ ಉಣ್ಣೆಬಟ್ಟೆಯನ್ನು ನೀರಿನಲ್ಲಿ ನೆನೆಸಿ ಚೆನ್ನಾಗಿ ಬಡಿದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ದಪ್ಪವಾಗುತ್ತದೆ, ಬಿಗಿಯಾಗುತ್ತದೆ. ಮೊದಲು ಇದನ್ನು ತೊಟ್ಟಿಯಲ್ಲಿ ನಿಂತು ಕಾಲಲ್ಲಿ ತುಳಿದು ಮಾಡುತ್ತಿದ್ದರು. ಹನ್ನೆರಡನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಈ ಕೆಲಸವನ್ನು ನೀರಿನ ಚಕ್ರಕ್ಕೆ ವಹಿಸಿದರು. ಚಕ್ರದ ಅಚ್ಚಿಗೆ ಗೂಟ ಬಡಿದಿರುತ್ತಿದ್ದರು. ಅಚ್ಚು ತಿರುಗಿದ ಹಾಗೆ ಗೂಟವು ಮರದ ಭಾರೀ ಕೊಡತಿಯನ್ನು ಎತ್ತುತ್ತದೆ, ಕೈಬಿಡುತ್ತದೆ. ಕೊಡತಿ ದಪ್ಪನೆ ಬಟ್ಟೆಯ ಮೇಲೆ ಬೀಳುತ್ತದೆ. ಇಲ್ಲಿ ಬೀಸುಕಲ್ಲಿಲ್ಲ, ಹಿಟ್ಟಿಲ್ಲ. ಆದರೆ ಹೊಳೆ ಅದೇ, ಕಾಲುವೆ ಅದೇ, ಚಕ್ರ ಅದೇ. ಆದ್ದರಿಂದ ಅದನ್ನೂ ಮಿಲ್ ಎಂದೇ ಕರೆದರು. ಉಣ್ಣೆಬಟ್ಟೆಯನ್ನು ಹೀಗೆ ಬಿಗಿಗೊಳಿಸುವುದಕ್ಕೆ ಆ ಕಸುಬಿನವರು ಇಂದಿಗೂ ‘ಮಿಲ್ಲಿಂಗ್’ ಎನ್ನುತ್ತಾರೆ. ಮರ ಕೊಯ್ಯುವ ಗರಗಸ, ಹಳೆಯ ಚಿಂದಿ ಕುಟ್ಟಿ ಕಾಗದಕ್ಕೆ ಹದ ಮಾಡುವ ಒನಕೆ, ಕಬ್ಬಿಣ ಬಡಿಯುವ ಸುತ್ತಿಗೆ ಎಲ್ಲವೂ ಬರಬರುತ್ತ ಚಕ್ರಕ್ಕೆ ಕಟ್ಟಿಕೊಂಡವು, ಎಲ್ಲಕ್ಕೂ ಅದೇ ಹೆಸರು ಅಂಟಿತು. ನಿಮ್ಮ ಸಾ ಮಿಲ್ಲಿನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಕನ್ನಡದವರು ಇದಕ್ಕೆ ಬೆರಗಾಗಬೇಕಿಲ್ಲ. ‘ಎಣ್ಣೆ’ ಎಂಬ ಮಾತನ್ನೇ ನೋಡಿ. ಅದು ಎಳ್ಳು ಮತ್ತು ನೆಯ್ ಸೇರಿ ಆದ ಪದ, ಎಳ್ಳಿನ ಜಿಡ್ಡು ಎಂದರ್ಥ. ಆದರೂ ನಾವು ಕೊಬ್ಬರಿ ಎಣ್ಣೆ ಅನ್ನುತ್ತೇವೆ, ಸೀಮೆಎಣ್ಣೆ ಅನ್ನುತ್ತೇವೆ. ಚಳ್ಳಕೆರೆ ಶೇಂಗಾ ಎಣ್ಣೆಗೆ ಹೆಸರಾದ ಊರು. ಅಲ್ಲಿ ಯಾರೂ ‘ಶೇಂಗಾದಲ್ಲಿ ಎಳ್ಳು ಎಲ್ಲಿಂದ ಬಂತು’ ಎಂದು ಕೇಳುವುದಿಲ್ಲ. ಸಂಸ್ಕೃತದ ತೈಲವೂ ತಿಲದಿಂದ ಬಂದದ್ದೇ. ಇಂಗ್ಲಿಷಿನ ‘ಆಯಿಲ್’ ಬಂದದ್ದು ಆಲಿವ್ ಕಾಯಿಯ ಗ್ರೀಕ್ ಹೆಸರಿನಿಂದ. ಹಾಗಾಗಿ ‘ಗ್ರೌಂಡ್‌ನಟ್ ಆಯಿಲ್ ಮಿಲ್’ ಎಂಬ ಬೋರ್ಡಿನಲ್ಲಿ ಆಲಿವೂ ಇದೆ, ಬೀಸುಕಲ್ಲೂ ಇದೆ. ಒಳಗೆ ಹೋದರೆ ಎರಡೂ ಇಲ್ಲ!

ಇನ್ನು ಹತ್ತಿಗೆ ಬರೋಣ. 1721ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಡರ್ವೆಂಟ್ ಹೊಳೆಯ ನೀರಿನಿಂದ ನಡೆಯುವ ರೇಷ್ಮೆ ಗಿರಣಿ ಎದ್ದಿತು. ಐವತ್ತು ವರ್ಷದ ಮೇಲೆ, 1771ರಲ್ಲಿ, ಅದೇ ಸೀಮೆಯ ಕ್ರಾಮ್‌ಫರ್ಡ್‌ನಲ್ಲಿ ರಿಚರ್ಡ್ ಆರ್ಕ್‌ರೈಟ್ ಎಂಬಾತ ಹತ್ತಿ ನೂಲುವ ಗಿರಣಿ ಹಾಕಿದ. ಅವನು ಹಿಂದೆ ಕ್ಷೌರದ ಕಸುಬಿನವನು, ಟೋಪನ್ ಮಾಡಿ ಮಾರುತ್ತಿದ್ದವನು. 1769ರಲ್ಲಿ ನೂಲುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದಿದ್ದ. ನಾಟಿಂಗ್‌ಹ್ಯಾಮ್‌ನಲ್ಲಿ ಅದನ್ನು ಮೊದಲು ಕುದುರೆ ಕಟ್ಟಿ ನಡೆಸಿದ. ಕುದುರೆಗೆ ಮೇವು ಹಾಕಬೇಕು, ಅದು ದಣಿಯುತ್ತದೆ, ದೊಡ್ಡ ಪ್ರಮಾಣಕ್ಕೆ ಹೊಂದುವುದಿಲ್ಲ. ಕ್ರಾಮ್‌ಫರ್ಡ್‌ನಲ್ಲಿ ನೀರಿಗೆ ಹೂಡಿದ. ಯಂತ್ರಕ್ಕೆ ‘ವಾಟರ್ ಫ್ರೇಮ್’ ಎಂಬ ಹೆಸರೇ ನಿಂತಿತು. ನಿಮ್ಮ ತಂದೆಯವರ ಖಾತೆಯ ‘ರಿಂಗ್ ಫ್ರೇಮ್’ ಎಂಬುದರಲ್ಲಿ ಇರುವ ‘ಫ್ರೇಮ್’ ಅಲ್ಲಿಂದ ಬಂದ ಬಳುವಳಿ. ಕಟ್ಟಡವನ್ನು ಜನ ಏನೆಂದು ಕರೆಯಬೇಕು? ಹೊಳೆ ದಂಡೆಯಲ್ಲಿದೆ, ಚಕ್ರ ತಿರುಗುತ್ತಿದೆ. ಬಟ್ಟೆಯ ಕಸುಬಿನವರಿಗೆ ಆರು ಶತಮಾನದಿಂದ ಅಂಥದ್ದು ಮಿಲ್ಲೇ. ಅದು ‘ಕಾಟನ್ ಮಿಲ್’ ಆಯಿತು.

1785ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯ ಪ್ಯಾಪಲ್‌ವಿಕ್‌ನ ಹತ್ತಿ ಗಿರಣಿಗೆ ಬೌಲ್ಟನ್ ಮತ್ತು ವ್ಯಾಟ್ ಕಂಪನಿಯ ಉಗಿಯಂತ್ರ ಬಂತು. ಹೊಳೆಯ ಹಂಗು ತಪ್ಪಿತು. ಕಲ್ಲಿದ್ದಲು ಸಿಗುವ ಕಡೆ, ಜನ ಸಿಗುವ ಕಡೆ ಗಿರಣಿ ಹಾಕಬಹುದಾಯಿತು. ಇಂಗ್ಲೆಂಡಿನ ಹತ್ತಿ ಮಿಲ್ಲುಗಳ ಊರಾದ ಮ್ಯಾಂಚೆಸ್ಟರ್ ಬೆಳೆದದ್ದು ಹಾಗೆ. ಮೊದಲು ಕಲ್ಲು ಹೋಗಿತ್ತು, ಈಗ ನೀರಿನ ಚಕ್ರವೂ ಹೋಯಿತು, ಹೆಸರು ಮಾತ್ರ ಕದಲಲಿಲ್ಲ. ಇಲ್ಲೊಂದು ಮಾತು ಸೇರಿಸಬೇಕು. ವ್ಯಾಟ್ ತನ್ನ ಯಂತ್ರದ ಬಲ ಎಷ್ಟೆಂದು ಗಿರಾಕಿಗಳಿಗೆ ತಿಳಿಸಲು, ಗಿರಣಿಯ ಚಕ್ರ ಸುತ್ತುವ ಕುದುರೆ ಎಷ್ಟು ಕೆಲಸ ಮಾಡುತ್ತದೆ ಎಂಬ ಲೆಕ್ಕ ಹಿಡಿದ. ನಿಮ್ಮ ಓಣಿಯ ಹಿಟ್ಟಿನ ಗಿರಣಿಯ ಮೋಟಾರಿನ ಮೇಲೆ ಬರೆದಿರುವ ‘ಎಚ್‌ಪಿ’ ಅದೇ ಕುದುರೆ.

ನಮ್ಮ ದೇಶಕ್ಕೆ ಪದ ಬಂದದ್ದು ಯಂತ್ರದ ಜೊತೆಗೇ. 1854ರಲ್ಲಿ ಮುಂಬೈಯಲ್ಲಿ ಕಾವಸ್‌ಜಿ ನಾನಾಭಾಯ್ ದಾವರ್ ಎಂಬ ಪಾರ್ಸಿ ವ್ಯಾಪಾರಿ ನೂಲುವ ಮತ್ತು ನೇಯುವ ಕಂಪನಿ ಕಟ್ಟಿದರು. 1856ರಲ್ಲಿ ಕೆಲಸ ಶುರುವಾಯಿತು. ಅಲ್ಲಿಂದ ಮುಂದೆ ಅಹಮದಾಬಾದು, ಸೊಲ್ಲಾಪುರ, ಹುಬ್ಬಳ್ಳಿಗಳಿಗೂ ಗಿರಣಿಗಳು ಬಂದವು. 1930ರ ದಶಕದಲ್ಲಿ ದಾವಣಗೆರೆ ಕಾಟನ್ ಮಿಲ್ಸ್ ಶುರುವಾದಾಗ ಈ ಪದಕ್ಕೆ ಬೀಸುಕಲ್ಲಿನ ನೆನಪು ಒಂದಿಷ್ಟೂ ಉಳಿದಿರಲಿಲ್ಲ. ಎರೆಭೂಮಿಯ ಹತ್ತಿ ಪೇಟೆಗೆ ಬಂದು, ಜಿನ್ನಿನಲ್ಲಿ ಬೀಜ ಬಿಡಿಸಿಕೊಂಡು, ಮಿಲ್ಲಿಗೆ ಹೋಗಿ ನೂಲಾಗುತ್ತಿತ್ತು. (ಈ ‘ಜಿನ್’ ಕೂಡ ಮೋಜಿನ ಪದ. ‘ಎಂಜಿನ್’ ಎಂಬುದರ ತಲೆ ಕತ್ತರಿಸಿದರೆ ಸಿಗುವುದು ಅದು.) ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ಬಂತು. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೂ ಬಿರುದು ಹೋಗಲಿಲ್ಲ. ಭಾಷಣಕಾರರಿಗೆ ಈಗಲೂ ಅದು ಬೇಕಾಗುತ್ತದೆ.

ಮೂಲಾರ್ಥದ ಮಿಲ್ಲನ್ನೇ ನೋಡಬೇಕೆಂದರೆ ಮಗಳನ್ನು ಚಿತ್ರದುರ್ಗದ ಕೋಟೆಗೆ ಕರೆದೊಯ್ಯಿರಿ. ಸಿಡಿಮದ್ದು ಬೀಸುತ್ತಿದ್ದ ಕಲ್ಲುಗಳು ಅಲ್ಲಿ ಒಂದು ಗುಂಡಿಯೊಳಗೆ ಇವೆ, ಆಳೆತ್ತರದ ಭಾರೀ ಕಲ್ಲುಗಳು. ಪ್ರಾಣಿಗಳನ್ನು ಕಟ್ಟಿ ತಿರುಗಿಸುತ್ತಿದ್ದರಂತೆ. ಇಂಗ್ಲಿಷಿನಲ್ಲಿ ಅಂಥ ಜಾಗಕ್ಕೆ ‘ಪೌಡರ್ ಮಿಲ್’ ಎಂದು ಹೆಸರು. ಲಂಡನ್ನಿನ ಹತ್ತಿರ ವಾಲ್ತಮ್ ಆ್ಯಬಿಯಲ್ಲಿ ಅಲ್ಲಿನ ಸರ್ಕಾರದ ಮದ್ದಿನ ಗಿರಣಿಗಳೇ ಇದ್ದವು. ಕಲ್ಲು, ಬೀಸುವಿಕೆ, ಸುತ್ತು ಮೂರೂ ಸೇರಿರುವ ಕಡೆ ನಿಂತು ನೋಡಿದರೆ ನಿಘಂಟಿನ ಮೊದಲ ಅರ್ಥ ಅವಳಿಗೆ ಬೇಗ ತಿಳಿಯುತ್ತದೆ. ದಾವಣಗೆರೆಯಿಂದ ಒಂದು ಗಂಟೆಯ ದಾರಿ, ಭಾನುವಾರ ಹೋಗಿ ಬರಬಹುದು.

ಈಗ ಕಿರ್ಲೋಸ್ಕರ್ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಹಿಡಿಸಿದ ಭಾಗ ಇದು. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಆರಂಭವಾದದ್ದು, ಲೋಹ ಕಡೆಯುವ ಲೇಥು ಯಂತ್ರಗಳಿಗೆ ಹೆಸರಾದದ್ದು. ಅದನ್ನು ಜನ ಫ್ಯಾಕ್ಟರಿ ಎಂದರು, ಕಾರ್ಖಾನೆ ಎಂದರು, ಮಿಲ್ಲು ಎನ್ನಲಿಲ್ಲ. ಇದು ಆಕಸ್ಮಿಕವಲ್ಲ. ಒಂದೇ ಕಚ್ಚಾ ಮಾಲನ್ನು ಒಂದು ಕಡೆಯಿಂದ ಹಾಕಿ, ಉರುಳೆಗಳ ನಡುವೆಯೋ ಚಕ್ರಗಳ ನಡುವೆಯೋ ಹಾಯಿಸಿ, ಇನ್ನೊಂದು ಕಡೆಯಿಂದ ತೆಗೆಯುವ ಜಾಗಕ್ಕೆ ಇಂಗ್ಲಿಷ್ ಮಿಲ್ ಎಂದಿತು. ಭತ್ತ ಹೋಗಿ ಅಕ್ಕಿ, ಹತ್ತಿ ಹೋಗಿ ನೂಲು, ಉಕ್ಕಿನ ಗಟ್ಟಿ ಹೋಗಿ ತಗಡು ಎಂಬ ಹಾಗೆ. ನೂರಾರು ಬಿಡಿ ಭಾಗಗಳನ್ನು ಮಾಡಿ ಜೋಡಿಸುವ ಕೆಲಸ ಬಂದದ್ದು ತಡವಾಗಿ. ಆ ಹೊತ್ತಿಗೆ ‘ಫ್ಯಾಕ್ಟರಿ’ ಎಂಬ ಪದ ಸಿದ್ಧವಿತ್ತು. ಅದಕ್ಕೂ ಯಂತ್ರಕ್ಕೂ ಮೊದಲು ಸಂಬಂಧವಿರಲಿಲ್ಲ. ‘ಫ್ಯಾಕ್ಟರ್’ ಎಂದರೆ ವ್ಯಾಪಾರದ ಏಜೆಂಟ್, ಅವನು ಸರಕು ಇಟ್ಟುಕೊಂಡು ಕೂರುವ ಕೋಠಿಯೇ ಫ್ಯಾಕ್ಟರಿ. ಈಸ್ಟ್ ಇಂಡಿಯಾ ಕಂಪನಿಯ ಸೂರತ್ ಫ್ಯಾಕ್ಟರಿಯಲ್ಲಿ ಒಂದು ಮೊಳೆಯೂ ತಯಾರಾಗುತ್ತಿರಲಿಲ್ಲ. ಚರಿತ್ರೆಯ ಪಾಠ ಓದುವ ಮಕ್ಕಳು ಅದನ್ನು ಹೊಗೆ ಉಗುಳುವ ಚಿಮಣಿಯ ಕಟ್ಟಡವೆಂದು ಕಲ್ಪಿಸಿಕೊಳ್ಳುವುದನ್ನು ನೋಡಿದ್ದೇನೆ, ಮೇಷ್ಟ್ರುಗಳು ಒಂದು ಮಾತು ಹೇಳಿದರೆ ಒಳ್ಳೆಯದು. ಆ ಪದಕ್ಕೆ ತಯಾರಿಕೆಯ ಅರ್ಥ ಗಟ್ಟಿಯಾದಾಗ ಎರಡೂ ಪದಗಳು ಅಕ್ಕಪಕ್ಕ ನಿಂತವು. 1819ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಕ್ಕಳ ದುಡಿಮೆಯ ಬಗ್ಗೆ ಮಾಡಿದ ಕಾಯಿದೆಯ ಹೆಸರೇ ‘ಕಾಟನ್ ಮಿಲ್ಸ್ ಆ್ಯಂಡ್ ಫ್ಯಾಕ್ಟರೀಸ್’ ಕಾಯಿದೆ.

ನಮ್ಮ ಕಾನೂನಿನ ಕಣ್ಣಿಗೆ ಹತ್ತಿ ಮಿಲ್ಲೂ ಫ್ಯಾಕ್ಟರಿಯೇ, 1948ರ ಕಾರ್ಖಾನೆ ಕಾಯಿದೆ ಅದಕ್ಕೂ ಅನ್ವಯಿಸುತ್ತಿತ್ತು. ಬಳಕೆ ಮಾತ್ರ ತನ್ನದೇ ದಾರಿಯಲ್ಲಿ ಹೋಗುತ್ತದೆ. ಉತ್ತರ ಪ್ರದೇಶದವರು ‘ಶುಗರ್ ಮಿಲ್’ ಎನ್ನುತ್ತಾರೆ, ನಾವು ಸಕ್ಕರೆ ಕಾರ್ಖಾನೆ ಎನ್ನುತ್ತೇವೆ. ಆದರೆ ಒಳಗೆ ಕಬ್ಬು ಹಿಂಡುವ ಉರುಳೆಗಳ ವಿಭಾಗಕ್ಕೆ ಅಲ್ಲಿಯೂ ಇಲ್ಲಿಯೂ ‘ಮಿಲ್ ಹೌಸ್’ ಎಂದೇ ಹೆಸರು. ವಿದ್ಯುತ್ತಿನಿಂದ ಮಗ್ಗ ನಡೆಸುವ ಶೆಡ್ಡಿಗೆ ಬಟ್ಟೆ ವ್ಯಾಪಾರದವರು ಮಿಲ್ಲು ಎನ್ನುವುದಿಲ್ಲ, ಅದು ಪವರ್‌ಲೂಮ್. ಕೈಮಗ್ಗ, ಪವರ್‌ಲೂಮ್, ಮಿಲ್ಲು ಎಂಬ ಮೂರು ವರ್ಗ ಸರ್ಕಾರದ ಲೆಕ್ಕದಲ್ಲೂ ಬೇರೆ ಬೇರೆ. ಮಿಲ್ ಬಟ್ಟೆ, ಖಾದಿ ಎಂಬ ಜೋಡಿಯಂತೂ ಸ್ವಾತಂತ್ರ್ಯ ಹೋರಾಟದ ಕಾಲದಿಂದ ನಮ್ಮ ಮಾತಿನಲ್ಲಿದೆ. ಅಂದಹಾಗೆ, ಯಾವ ಮೆಷಿನ್ ಶಾಪಿನೊಳಗೆ ಹೋದರೂ ‘ಮಿಲ್ಲಿಂಗ್ ಮೆಷಿನ್’ ಸಿಗುತ್ತದೆ, ತಿರುಗುವ ಹಲ್ಲಿನ ಕಟ್ಟರಿನಿಂದ ಲೋಹ ಕೆತ್ತುವ ಯಂತ್ರ. ಫ್ಯಾಕ್ಟರಿಯ ಹೊರಗಿನ ಬೋರ್ಡಿಗೆ ಬಾರದ ಪದ ಒಳಗೆ ಕೂತಿದೆ. ರೂಪಾಯಿ ನಾಣ್ಯದ ಅಂಚಿನ ಸಣ್ಣ ಗೀರುಗಳಿಗೂ ‘ಮಿಲ್ಡ್ ಎಡ್ಜ್’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ 1662ರಲ್ಲಿ ಸುತ್ತಿಗೆಯ ನಾಣ್ಯ ನಿಂತು ಯಂತ್ರದ ನಾಣ್ಯ ಕಾಯಂ ಆಯಿತು. ಕುದುರೆ ಸುತ್ತುವ ಗಿರಣಿಯಲ್ಲಿ ಲೋಹದ ಪಟ್ಟಿಯನ್ನು ಉರುಳೆಗಳ ನಡುವೆ ಹಾಯಿಸಿ ತೆಳುವಾಗಿಸುತ್ತಿದ್ದರಿಂದ ಆ ಹೆಸರು. ಅಂಚಿಗೆ ಗೀರು ಹಾಕಿದ್ದು ಯಾರೂ ಬೆಳ್ಳಿ ಕತ್ತರಿಸಿಕೊಳ್ಳದಿರಲಿ ಎಂದು.

‘ರನ್ ಆಫ್ ದಿ ಮಿಲ್’ ಬಟ್ಟೆ ಮತ್ತು ಹಿಟ್ಟಿನ ವ್ಯಾಪಾರದ ಮಾತು. ಗಿರಣಿಯಿಂದ ಹೊರಬಂದ ಮಾಲು, ಇನ್ನೂ ಒಳ್ಳೆಯದು ಕೆಟ್ಟದ್ದು ಎಂದು ಬೇರ್ಪಡಿಸದ್ದು. 19ನೇ ಶತಮಾನದ ಕೊನೆಯ ಭಾಗದಿಂದ ಅದು ಬರಹದಲ್ಲಿ ಕಾಣುತ್ತದೆ, ಆಮೇಲೆ ‘ಸಾಧಾರಣ, ವಿಶೇಷವೇನೂ ಇಲ್ಲದ್ದು’ ಎಂಬ ಅರ್ಥಕ್ಕೆ ಜಾರಿತು. ನಮ್ಮ ಪತ್ರಿಕೆಗಳಲ್ಲಿ ಇದನ್ನು ‘ಕಳಪೆ’ ಎಂಬ ಅರ್ಥದಲ್ಲಿ ಬಳಸುವುದನ್ನು ಕಾಣುತ್ತೇನೆ, ಅದು ತಪ್ಪು. ಕಳಪೆ ಮಾಲನ್ನು ಬೇರೆ ತೆಗೆದ ಮೇಲೆ ಅದು ‘ರನ್ ಆಫ್ ದಿ ಮಿಲ್’ ಆಗಿ ಉಳಿಯುವುದೇ ಇಲ್ಲ. ‘ಗ್ರಿಸ್ಟ್ ಟು ದಿ ಮಿಲ್’ ಎಂದರೆ ಗಿರಣಿಗೆ ಬಂದ ಕಾಳು, ಯಾವುದು ಬಂದರೂ ಉಪಯೋಗಕ್ಕೇ ಎಂಬ ಭಾವ. ‘ರೂಮರ್ ಮಿಲ್’ ಗಾಳಿಸುದ್ದಿ ಹುಟ್ಟಿಸುವ ಜಾಗ, ‘ಡಿಗ್ರಿ ಮಿಲ್’ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಜನ ಗುಂಪುಗೂಡಿ ಸುಮ್ಮನೆ ಸುಳಿದಾಡುವುದಕ್ಕೆ ‘ಮಿಲ್ಲಿಂಗ್ ಅರೌಂಡ್’ ಎನ್ನುತ್ತಾರೆ. ಅದು ಅಮೆರಿಕದ ದನಗಾಹಿಗಳ ಮಾತಿನಿಂದ ಹರಡಿದ್ದು, ಬೆದರಿದ ಹಿಂಡು ಗಾಣದ ಹಾಗೆ ಸುತ್ತು ಹೊಡೆಯುವುದನ್ನು ನೋಡಿ ಹೇಳಿದ್ದು.

‘ಟ್ರೆಡ್‌ಮಿಲ್’ ಕತೆ ಇವೆಲ್ಲಕ್ಕಿಂತ ವಿಚಿತ್ರ. 1818ರಲ್ಲಿ ಇಂಗ್ಲೆಂಡಿನ ಬರಿ ಸೇಂಟ್ ಎಡ್ಮಂಡ್ಸ್ ಜೈಲಿಗೆ ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರ್ ಒಂದು ದೊಡ್ಡ ಉರುಳೆ ಮಾಡಿಕೊಟ್ಟ. ಅದರ ಸುತ್ತ ಮೆಟ್ಟಿಲುಗಳು. ಕೈದಿಗಳು ಸಾಲಾಗಿ ನಿಂತು ಗಂಟೆಗಟ್ಟಲೆ ಹತ್ತುತ್ತಲೇ ಇರಬೇಕು, ಉರುಳೆ ಕೆಳಗೆ ಸರಿಯುತ್ತಲೇ ಇರುತ್ತದೆ. ಕೆಲವು ಜೈಲುಗಳಲ್ಲಿ ಅದರಿಂದ ಕಾಳು ಬೀಸಿಸಿದರು, ನೀರು ಎತ್ತಿಸಿದರು. ಎಷ್ಟೋ ಕಡೆ ಉರುಳೆಗೆ ಏನನ್ನೂ ಜೋಡಿಸಿರಲಿಲ್ಲ. ಶಿಕ್ಷೆಗಾಗಿ ಸುಮ್ಮನೆ ತುಳಿಯುವುದು. ಕೈದಿಗಳು ಅದನ್ನು ‘ಗಾಳಿ ಬೀಸುವುದು’ ಎಂದು ಹಂಗಿಸುತ್ತಿದ್ದರು. ಆ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿನ ಸರ್ಕಾರ ಇದು ಕ್ರೂರವೆಂದು ಕೈಬಿಟ್ಟಿತು. ಈಗ ನಾವು ತಿಂಗಳಿಗೆ ಇಷ್ಟೆಂದು ಫೀಸು ಕಟ್ಟಿ ಅದರ ಮೇಲೆ ಓಡುತ್ತೇವೆ, ಎದುರಿಗೊಂದು ಟಿವಿ ಬೇರೆ.

ಕನ್ನಡದಲ್ಲಿ ‘ಮಿಲ್ಲು’ ಎಂದು ಬರೆಯುವುದು ಸರಿಯೇ ಎಂದು ಕೆಲವರು ಅನುಮಾನಿಸುತ್ತಾರೆ. ಧಾರಾಳವಾಗಿ ಸರಿ. ಹ್ರಸ್ವ ಸ್ವರದ ಚಿಕ್ಕ ಇಂಗ್ಲಿಷ್ ಪದ ಕನ್ನಡಕ್ಕೆ ಬಂದರೆ ಕೊನೆಯ ವ್ಯಂಜನ ಇಮ್ಮಡಿಯಾಗಿ ‘ಉ’ ಸೇರುತ್ತದೆ. ಬಸ್ಸು, ಬಿಲ್ಲು, ಜಿನ್ನು ಹೇಗೋ ಹಾಗೆ. ಗ್ಯಾಸು ಕೂಡ ಹಾಗೆಯೇ ಎನ್ನಲು ಹೋಗಬೇಡಿ, ಗ್ಯಾಸಿನಲ್ಲಿ ಸ್ವರ ದೀರ್ಘ, ಅದಕ್ಕೇ ಅಲ್ಲಿ ಒಂದೇ ‘ಸ’. ರೈಲು, ಟೇಪು ಕೂಡ ಆ ಗುಂಪಿನವು.

ಕೊನೆಯದಾಗಿ ನೆಂಟರ ವಿಚಾರ. ಮಿಲಿಯನ್, ಮೈಲಿ, ಮಿಲಿಮೀಟರ್ ಮೂರೂ ಬೇರೆ ಬಳ್ಳಿಯವು. ಲ್ಯಾಟಿನ್ನಿನ ‘ಮಿಲ್ಲೆ’ ಎಂದರೆ ಸಾವಿರ. ರೋಮನ್ ಸೈನ್ಯದ ಸಾವಿರ ಜೋಡಿಹೆಜ್ಜೆ ಒಂದು ಮೈಲಿಯಾಯಿತು, ದೊಡ್ಡ ಸಾವಿರ ಎಂಬ ಅರ್ಥದಲ್ಲಿ ಮಿಲಿಯನ್ ಹುಟ್ಟಿತು, ಸಾವಿರದಲ್ಲೊಂದು ಪಾಲು ಮಿಲಿ. ಮಿಲೆಟ್ ಮಾತ್ರ ಬೇರೆ, ಅದು ‘ಮಿಲಿಯಂ’ ಎಂಬ ಧಾನ್ಯದ ಹೆಸರಿನಿಂದ ಬಂದದ್ದು. ಹಲವು ನಿಘಂಟುಕಾರರು ಅದನ್ನು ಬೀಸು ಎಂಬರ್ಥದ ಹಳೆಯ ಧಾತುವಿಗೇ ಒಯ್ಯುತ್ತಾರೆ. ಅವರನ್ನು ನಂಬಿದರೆ ನಿಮ್ಮ ನವಣೆ, ಸಜ್ಜೆಗಳ ಇಂಗ್ಲಿಷ್ ಹೆಸರು ಮಿಲ್ಲಿಗೆ ದೂರದ ದಾಯಾದಿ. ಮಗಳು ಮುಂದೆ ಅಮೆರಿಕದ ಆಸ್ತಿ ತೆರಿಗೆಯ ಕಾಗದದಲ್ಲಿ ‘ಮಿಲ್ ರೇಟ್’ ಎಂದು ಕಂಡರೆ ಅದನ್ನು ಗಿರಣಿಗಳ ಮೇಲಿನ ತೆರಿಗೆ ಎಂದುಕೊಳ್ಳಬಾರದು. ಅಲ್ಲಿ ‘ಮಿಲ್’ ಎಂದರೆ ಡಾಲರಿನ ಸಾವಿರದಲ್ಲೊಂದು ಪಾಲು.